ಅರ್ಧ ಸುತ್ತು

ಈ ಕಥೆಯನ್ನು ಮೊದಲು ಹೇಳಿದವಳು ಹಾಯಿ ಹೊಲಿಯುವ ಸೂಜಿಯಜ್ಜಿ. ಹೇಳಿದ್ದು, ದೋಣಿಗಳನ್ನು ನೀರಿಗಿಳಿಸುವ ಕ್ರೇನು ಕೆಟ್ಟು ಕೂತು ದೋಣಿಯಂಗಳದ ಕೆಲಸವೆಲ್ಲ ನಿಂತುಹೋಗಿದ್ದ ಬೇಸಿಗೆಯ ಒಂದು ಸಂಜೆ. ಕೇಳಿದವರು ಅಂಗಳದ ಕೆಲಸದವರು ಮತ್ತು ಅವರ ಮನೆಯವರು. ಹಾಯಿಯ ಬಟ್ಟೆಗೆ ಮಣ್ಣು ತಾಗಬಾರದೆಂದು ಅಜ್ಜಿಯ ಹೊಲಿಗೆಕೋಣೆಗೆ ಯಾರೂ ಪಾದರಕ್ಷೆ ತೊಟ್ಟು ಬರುವಂತಿರಲಿಲ್ಲ. ಎಲ್ಲರೂ ಹೊಸಿಲಾಚೆ ಬಿಟ್ಟು ಬಂದು ಸುರುಳಿ ಸುತ್ತಿಟ್ಟ ಹಾಯಿಗಳಿಗೆ ಒರಗಿ ಕುಳಿತಿದ್ದರು. ಆಮೇಲೆ ಈ ಕಥೆ ಬಾಯಿಂದ ಬಾಯಿಗೆ ಹೋಗಿ ಬೇರೆ ಬೇರೆಯಾಗಿದೆ. ಕೊನೆಗೆ ಕಂಬ ಮುರಿಯಿತು ಎನ್ನುವವರಿದ್ದಾರೆ. ಬಾಗಿಲನ್ನು ಕೊಡಲಿಯಿಂದ ಒಡೆದರು ಎನ್ನುವವರೂ ಇದ್ದಾರೆ. ಅಜ್ಜಿಯ ಕಥೆಯಲ್ಲಿ ಕಂಬವೂ ಮುರಿಯಲಿಲ್ಲ, ಬಾಗಿಲೂ ಒಡೆಯಲಿಲ್ಲ. ಇಲ್ಲಿ ಅವಳು ಹೇಳಿದ್ದನ್ನೇ ಅನುಸರಿಸಲಾಗಿದೆ.

ಹಾಯಿಕಂಬ ನಿಲ್ಲಿಸುವುದು ಅವನ ಕೆಲಸವಾದ್ದರಿಂದ ಅಂಗಳದಲ್ಲಿ ಅವನಿಗೆ ಕಂಬದವನು ಎಂದೇ ಹೆಸರು. ಒಂದು ಬೆಳಿಗ್ಗೆ ಕಂಬದವನು ಹೊಸ ದೋಣಿಯೊಂದರ ಅಂಚಿಗೆ ಕಾಲಿಟ್ಟವನೇ, ಕಂಬವನ್ನು ಎಳೆದು ನಿಲ್ಲಿಸಿದ್ದ ಎಡಮಗ್ಗುಲಿನ ತಂತಿಯನ್ನು ಹೆಬ್ಬೆರಳಿನಿಂದ ಒತ್ತಿದ. ಬೆರಳು ಒಳಹೋಗಲಿಲ್ಲ. ನಿನ್ನೆ ಸಂಜೆ ಇದೇ ಬೆರಳಿಗೆ ಈ ತಂತಿ ಅಷ್ಟಿಷ್ಟು ಬಳುಕಿತ್ತು. ರಾತ್ರಿ ಕಳೆದು ಬಂದರೆ ಕಬ್ಬಿಣದ ಸಲಾಕೆಯಂತೆ ನಿಂತಿದೆ. ಅವನು ಬಗ್ಗಿ ತಂತಿಯ ಬುಡದ ಟರ್ನ್‌ಬಕಲನ್ನು ನೋಡಿದ. ಗೇಣುದ್ದದ ಟೊಳ್ಳು ಕೊಳವೆ. ಮೇಲಿನಿಂದ ಒಂದು ತಿರುಪು, ಕೆಳಗಿನಿಂದ ಒಂದು ತಿರುಪು, ಒಂದರ ಸುತ್ತು ಬಲಕ್ಕೆ, ಇನ್ನೊಂದರದು ಎಡಕ್ಕೆ. ನಡುವಿನ ಕೊಳವೆಯನ್ನು ಒಂದು ಕಡೆಗೆ ತಿರುಗಿಸಿದರೆ ಎರಡೂ ತಿರುಪುಗಳು ಒಟ್ಟಿಗೆ ಒಳಸರಿದು ತಂತಿ ಬಿಗಿಯುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದರೆ ಎರಡೂ ಹೊರಬಂದು ಸಡಿಲುತ್ತದೆ. ನಿನ್ನೆ ಹೊರಡುವ ಮೊದಲು, ಯಾರೂ ನೋಡುತ್ತಿಲ್ಲವೆಂದು ಎರಡೆರಡು ಸಲ ಖಾತ್ರಿ ಮಾಡಿಕೊಂಡು, ಅವನು ಕೊಳವೆಯೂ ತಿರುಪೂ ಸೇರುವ ಕಡೆ ಒಂದು ಹನಿ ವಾರ್ನಿಷ್ ಇಟ್ಟಿದ್ದ. ಕೂದಲೆಳೆಯಷ್ಟು ತಿರುಗಿಸಿದರೂ ಆ ಹನಿ ಸೀಳಬೇಕು. ಸೀಳಿರಲಿಲ್ಲ. ಒಣಗಿ, ಹೊಳೆಯುತ್ತಾ, ಇಟ್ಟಲ್ಲೇ ಇತ್ತು. ಹಾಗಾದರೆ ರಾತ್ರಿ ಬಂದವನು ಹನಿಯನ್ನು ಕಂಡಿದ್ದಾನೆ, ಒರೆಸಿದ್ದಾನೆ, ತಿರುಗಿಸಿದ್ದಾನೆ, ಮತ್ತೆ ಅಂಥದ್ದೇ ಹನಿ ಇಟ್ಟಿದ್ದಾನೆ. ಅಷ್ಟು ಜಾಣ. ವಾರ್ನಿಷ್ ಡಬ್ಬಿ ಯಾರ ಕೈಯಲ್ಲಿರುತ್ತದೆ? ದೋಣಿಗಳಿಗೆ ವಾರ್ನಿಷ್ ಹಚ್ಚುವ ಅವನ ಹೆಂಡತಿಯ ಕೈಯಲ್ಲಿ. ಬಲಮಗ್ಗುಲಿನ ತಂತಿ ನೋಡಿಕೊಳ್ಳುವ ಅವಳ ತಮ್ಮ ಕೇಳಿದರೆ ಅವಳು ಕೊಡದಿರುತ್ತಾಳೆಯೇ? ಈ ಕೊನೆಯ ಪ್ರಶ್ನೆ ಮನಸ್ಸಿನೊಳಕ್ಕೆ ಯಾವಾಗ ಕಾಲಿಟ್ಟಿತೆಂದು ತಿಳಿಯದೆ, ಅವನು ಕುಕ್ಕರಗಾಲಲ್ಲಿ ಕೂತೇ ಇದ್ದ. ಬಲಗಾಲಿನ ಶೂಗೆ ಕಟ್ಟಿದ್ದ ಹಳದಿ ದಾರ ಕಣ್ಣಿಗೆ ಬಿತ್ತು. ಲೇಸು ಹರಿದು, ಸೂಜಿಯಜ್ಜಿ ಹಾಯಿಯ ಮೂಲೆಗಳನ್ನು ಹೊಲಿಯುವ ಮೇಣದ ದಾರದ ತುಂಡೊಂದನ್ನು ಪೋಣಿಸಿಕೊಂಡಿದ್ದ. ಹೆಂಡತಿ ಅದನ್ನು ನೋಡಿ ನಕ್ಕಿದ್ದಳು. "ಹಾಯಿ ದಾರ ಶೂಗೆ ಕಟ್ಕೊಂಡಿದ್ದೀರಿ, ಜೋರು ಗಾಳಿ ಬಂದ್ರೆ ನಿಮ್ಮನ್ನ ಎಲ್ಲಿ ಅಂತ ಹುಡುಕಲಿ?" ಆಗ ಅವನೂ ನಕ್ಕಿದ್ದ. ಈಗ ಆ ನಗುವನ್ನು ನೆನೆದರೆ ಅದರ ಹಿಂದೆ ಇನ್ನೇನೋ ಇತ್ತು ಎನ್ನಿಸುತ್ತದೆ.

ಇಷ್ಟಕ್ಕೂ ಶುರುವಾದದ್ದು ಒಂದು ಬೆರಳಿನಿಂದ. ಕೆಲವು ದಿನಗಳ ಹಿಂದೆ ದೋಣಿಯಂಗಳದ ಯಜಮಾನರು, ದೋಣಿ ಮಾಡಿಸುತ್ತಿದ್ದ ಡಾಕ್ಟರನ್ನು ಕರೆತಂದು ಹೊಸ ಕಂಬವನ್ನು ತೋರಿಸುತ್ತಿದ್ದರು. ಕಂಬದವನು ಎಡಗಡೆಯ ತಂತಿಯನ್ನು ಆಗಷ್ಟೇ ಹದಮಾಡಿ ಕೈಯೊರೆಸಿಕೊಳ್ಳುತ್ತಿದ್ದ. ಭಾವಮೈದ, ಅಂದರೆ ಹೆಂಡತಿಯ ತಮ್ಮ, ತನ್ನ ಬಲಮಗ್ಗುಲನ್ನು ಬಿಟ್ಟು ಇತ್ತ ಬಂದು, ಆ ತಂತಿಯನ್ನು ಒಂದೇ ಬೆರಳಿನಿಂದ ಮೀಟಿ ಕಿವಿಯೊಡ್ಡಿ, "ಭಾವ, ಇದು ಇನ್ನೂ ಹಾಡ್ತಾ ಇಲ್ಲ, ಆಕಳಿಸ್ತಿದೆ" ಎಂದ. ಡಾಕ್ಟರು ನಕ್ಕರು. ಯಜಮಾನರೂ ನಕ್ಕರು. ಕಂಬದವನು ಎಲ್ಲರಿಗಿಂತ ಜೋರಾಗಿ ನಕ್ಕ. ಆ ನಗು ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಉಳಿದುಕೊಂಡಿತು. ಆಮೇಲೆ ಯಜಮಾನರು ಹೋಗುವಾಗ, ಹವಾಮಾನದ ಬಗ್ಗೆ ಮಾತಾಡಿದಷ್ಟು ಹಗುರವಾಗಿ, ಈ ದೋಣಿಯ ನಂತರ ಕಂಬದ ಕೆಲಸ ನೋಡಿಕೊಳ್ಳಲು ಒಬ್ಬನೇ ಸಾಕು, ಯಾರೆಂದು ನೋಡೋಣ, ಎಂದಿದ್ದರು. ಭಾವಮೈದನಿಗೆ ಈ ಕೆಲಸ ಕಲಿಸಿದವನು ಕಂಬದವನೇ. ಕೊಳವೆ ತಿರುಗಿಸುವ ಪಾನಾ ಹಿಡಿಯುವುದನ್ನು, ಕಂಬಕ್ಕೆ ಕೆನ್ನೆ ಒತ್ತಿ ಒಂದೇ ಕಣ್ಣಿನಿಂದ ತುದಿಯವರೆಗೆ ನೋಡುವುದನ್ನು, ಎಲ್ಲಕ್ಕಿಂತ ಹೆಚ್ಚಾಗಿ ಕೂಗುವುದನ್ನು. ಕಂಬವನ್ನು ಎರಡೂ ಮಗ್ಗುಲಿನ ತಂತಿಗಳು ಎಳೆದು ನಿಲ್ಲಿಸಿರುತ್ತವೆ. ಒಂದು ಕಡೆ ಬಿಗಿದರೆ ಕಂಬ ಅತ್ತ ವಾಲುತ್ತದೆ, ವಾಲಿದರೆ ಇನ್ನೊಂದು ಕಡೆಯ ತಂತಿ ಯಾರೂ ಮುಟ್ಟದೆಯೇ ಬಿಗಿಯುತ್ತದೆ. ನಡುವೆ ದೋಣಿಯ ಕೋಣೆಯ ಮಾಡು, ಮಡಚಿಟ್ಟ ಹಾಯಿ. ಒಬ್ಬನಿಗೆ ಇನ್ನೊಬ್ಬ ಕಾಣುವುದಿಲ್ಲ. ಆದ್ದರಿಂದ ಈ ಅಂಗಳದ ಪದ್ಧತಿಯೆಂದರೆ ಕೂಗಿ ತಿರುಗಿಸುವುದು. ಒಬ್ಬ "ಅರ್ಧ" ಎಂದು ಕೂಗಿ ಅರ್ಧ ಸುತ್ತು ತಿರುಗಿಸಿದರೆ, ಆಚೆಯವನು "ಅರ್ಧ" ಎಂದು ಮರುಕೂಗಿ ತನ್ನ ಅರ್ಧ ತಿರುಗಿಸಬೇಕು. ಕೂಗದೆ ಯಾರೂ ಪಾನಾ ಇಡಬಾರದು. ಬೆರಳು ಮೀಟಿದ ಆ ದಿನದ ನಂತರ ಇಬ್ಬರೂ ಕೂಗುವುದನ್ನು ನಿಲ್ಲಿಸಿದರು. ಜಗಳವೇನೂ ಆಗಲಿಲ್ಲ. ಒಬ್ಬ ಬಂದಾಗ ಇನ್ನೊಬ್ಬನಿಗೆ ಬೇರೆ ಕೆಲಸವಿರುತ್ತಿತ್ತು, ಅಷ್ಟೇ.

ಮರುದಿನ ಬಂದು ನೋಡಿದರೆ ಎಡಗಡೆಯ ತಂತಿ ಸಡಿಲವಾಗಿತ್ತು. ಹೊಸ ತಂತಿ ಮೊದಮೊದಲು ಹಿಗ್ಗುತ್ತದೆ. ಅದರ ಎಳೆಗಳು ಒಂದರ ಪಕ್ಕ ಒಂದು ಜಾಗ ಮಾಡಿಕೊಂಡು ಕೂರುವವರೆಗೆ ತಾನಾಗಿಯೇ ಸಡಿಲಗೊಳ್ಳುತ್ತದೆ. ಅದಕ್ಕೆಂದೇ ಟರ್ನ್‌ಬಕಲಿಗೆ ಕೊನೆಯ ದಿನದವರೆಗೂ ಪಿನ್ನು ಚುಚ್ಚಿ ಭದ್ರಮಾಡುವುದಿಲ್ಲ. ಇದು ಅವನಿಗೆ ಗೊತ್ತಿತ್ತು. ಎಷ್ಟೋ ಜನರಿಗೆ ಅವನೇ ಹೇಳಿಕೊಟ್ಟದ್ದು. ಆ ಬೆಳಿಗ್ಗೆಯೂ ಅದು ನೆನಪಿಗೆ ಬಂತು, ಬೀದಿಯಲ್ಲಿ ಎದುರಾದ ದೂರದ ನೆಂಟನ ಹಾಗೆ. ಅವನು ನೋಡಿಯೂ ನೋಡದವನಂತೆ ದಾಟಿಹೋದ. ಬಲಗಡೆಯದೂ ಸಡಿಲವಿದೆಯೇ ಎಂದು ನಾಲ್ಕು ಹೆಜ್ಜೆ ನಡೆದು ಮುಟ್ಟಿ ನೋಡಬಹುದಿತ್ತು. ಆದರೆ ಅವನ ಮಗ್ಗುಲಿಗೆ ತಾನೇಕೆ ಹೋಗಬೇಕು? ಹೋದಾಗ ಅವನು ಬಂದುಬಿಟ್ಟರೆ ಯಾರು ಯಾರ ತಂತಿ ಮುಟ್ಟಿದ ಹಾಗಾಗುತ್ತದೆ? ಡಾಕ್ಟರ ಮುಂದೆ ಮತ್ತೊಮ್ಮೆ ಆಕಳಿಸಲೆಂದೇ ಯಾರೋ ಬಿಚ್ಚಿದ್ದಾರೆ ಎಂದುಕೊಂಡು, ಕೂಗದೆ, ತನ್ನದನ್ನು ಅರ್ಧ ಸುತ್ತು ಬಿಗಿದ. ಅದರ ಮರುದಿನ ಕಂಬಕ್ಕೆ ಕೆನ್ನೆಯೊತ್ತಿ ನೋಡಿದರೆ ಅದರ ತುದಿ ಬಲಕ್ಕೆ ವಾಲಿತ್ತು. ಮತ್ತೆ ಅರ್ಧ. ಅದರ ಮರುದಿನ ಮತ್ತೆ. ಕಂಬ ಪ್ರತಿದಿನವೂ ತನ್ನಿಂದ ಮುಖ ತಿರುಗಿಸಿಕೊಂಡು ನಿಂತಿರುತ್ತಿತ್ತು. ಅವನು ಪ್ರತಿದಿನವೂ ಅದರ ಗದ್ದ ಹಿಡಿದು ತನ್ನ ಕಡೆ ತಿರುಗಿಸಿ ಮನೆಗೆ ಹೋಗುತ್ತಿದ್ದ. ಮನೆಯಲ್ಲಿ ಹೆಂಡತಿ ಕೈಬೆರಳಿಗಂಟಿದ ವಾರ್ನಿಷ್ಷನ್ನು ಎಣ್ಣೆಬಟ್ಟೆಯಿಂದ ಉಜ್ಜುತ್ತಾ ಕೂತಿರುತ್ತಿದ್ದಳು.

"ನಿನ್ನ ತಮ್ಮ ಏನಾದ್ರೂ ಹೇಳಿದ್ನಾ?" ಎಂದು ಅವನು ನಿನ್ನೆ ಕೇಳಿದ್ದ, ಬೇರೆ ಕಡೆ ನೋಡುತ್ತಾ.

"ಏನು ಹೇಳ್ಬೇಕಿತ್ತು?"

"ಏನಿಲ್ಲ. ಸುಮ್ನೆ ಕೇಳಿದೆ."

"ನೀವು ಸುಮ್ನೆ ಏನಾದ್ರೂ ಕೇಳಿದ್ದುಂಟಾ?" ಅವಳು ಬೆರಳುಗಳನ್ನು ದೀಪಕ್ಕೆ ಹಿಡಿದು ನೋಡಿದಳು. "ಅವನೂ ಇದನ್ನೇ ಕೇಳ್ದ. ಭಾವ ಏನಾದ್ರೂ ಅಂದ್ರಾ ಅಂತ. ನನ್ನನ್ನೇನು ಅಂಚೆಪೆಟ್ಟಿಗೆ ಅಂದ್ಕೊಂಡಿದ್ದೀರಾ ಇಬ್ರೂ? ಬಾಯಿದೆಯಲ್ಲ, ಮಾತಾಡ್ಕೊಳ್ಳಿ."

ಅವನೂ ಕೇಳಿದ. ಅಂದರೆ ಇವರಿಬ್ಬರೂ ತನ್ನ ವಿಷಯ ಮಾತಾಡಿದ್ದಾರೆ. ಎಲ್ಲಿ? ಯಾವಾಗ? ಅವನು ಹಾಸಿಗೆಯಲ್ಲಿ ಮಗ್ಗುಲಾದ. ಬೆಳಿಗ್ಗೆ ಏಳುವಷ್ಟರಲ್ಲಿ ಅವಳು ಎದ್ದು ಹೋಗಿದ್ದಳು. ಹೇಳದೆ ಹೋಗಿದ್ದಳು.

ಈಗ ಅವನು ಎದ್ದು ಕಂಬಕ್ಕೆ ಕೆನ್ನೆಯೊತ್ತಿದ. ಲೋಹ ರಾತ್ರಿಯ ತಂಪನ್ನು ಇನ್ನೂ ಬಿಟ್ಟಿರಲಿಲ್ಲ. ಒಂದು ಕಣ್ಣು ಮುಚ್ಚಿ, ಹಾಯಿಯ ಅಂಚು ಸರಿದಾಡಲೆಂದು ಕಂಬದಲ್ಲಿ ಕೊರೆದ ಗೆರೆಯ ಗುಂಟ ದೃಷ್ಟಿಯನ್ನು ಮೇಲಕ್ಕೆ ಹತ್ತಿಸಿದ. ತುದಿ ಬಲಕ್ಕಿತ್ತು, ಎಂದಿಗಿಂತ ಹೆಚ್ಚು. ಇಂದು ಸಂಜೆ ಡಾಕ್ಟರು ಬರುತ್ತಾರೆ, ದೋಣಿ ಮೊದಲ ಸಲ ಗಾಳಿಗೆ ಹೋಗುತ್ತದೆ, ಯಜಮಾನರು ಕಂಬ ನೋಡಿ ತೀರ್ಮಾನ ಹೇಳುತ್ತಾರೆ. ಅವನು ಪಾನಾ ಇಟ್ಟು ತಿರುಗಿಸಿದ. ಕೊಳವೆ ಕಿರುಗುಟ್ಟಿತು, ಹನಿ ಸೀಳಿತು. ಅರ್ಧ. ಬಾಯಿ ಅಭ್ಯಾಸಬಲದಿಂದ ತೆರೆಯಿತು, ಅವನು ತುಟಿ ಕಚ್ಚಿಕೊಂಡ. ಸಾಲದೆನಿಸಿತು. ಸಂಜೆಯೊಳಗೆ ಭಾವಮೈದ ಎಳೆಯಬಹುದಾದಷ್ಟನ್ನೂ ಈಗಲೇ ಸೇರಿಸಿ ಎಳೆದುಬಿಟ್ಟರೆ? ಪಾನಾದ ಹಿಡಿಗೆ ಎದೆ ಕೊಟ್ಟು ಇನ್ನೊಂದು ಅರ್ಧ ತಿರುಗಿಸಿದ. ಆಗ ದೋಣಿಯ ಒಡಲಿನಲ್ಲೆಲ್ಲೋ 'ಕಟ್' ಎಂದಿತು, ಯಾರೋ ಮೆಲ್ಲಗೆ ಬಾಗಿಲು ಹಾಕಿಕೊಂಡಂತೆ.

ಒಳಗೆ ಯಾರೋ ಇದ್ದಾರೆ.

ಅವನು ಪಾನಾವನ್ನು ಸದ್ದಾಗದಂತೆ ಕೆಳಗಿಟ್ಟು ಮೆಟ್ಟಿಲಿಳಿದ. ಕೋಣೆಯೊಳಗೆ ವಾರ್ನಿಷ್ ವಾಸನೆ ಗಾಢವಾಗಿತ್ತು. ಕಂಬದ ಬುಡದಾಚೆ, ದೋಣಿಯ ಮೂತಿಯ ಕಡೆಗೆ, ಒಬ್ಬರು ಬಗ್ಗಿ ಕೂರುವಷ್ಟು ಮುಂಗೋಣೆ. ಅದರ ಬಾಗಿಲು ಮುಚ್ಚಿತ್ತು. ಒಳಗಿನಿಂದ ಹೆಂಡತಿಯ ದನಿ ಕೇಳುತ್ತಿತ್ತು. ಮಾತು ಸ್ಪಷ್ಟವಿರಲಿಲ್ಲ, ಸಿಟ್ಟಿನಲ್ಲಿ ಯಾರಿಗೋ ಬುದ್ಧಿ ಹೇಳುವಾಗಿನ ಅವಳ ದನಿ. "ಯಾವಾಗ್ಲೂ ಹೀಗೇ ನೀನು... ಮೊಂಡು..." ಆಮೇಲೆ ಏನನ್ನೋ ನೂಕಿದಂತೆ ಸದ್ದು. ಅಂಗಳದ ಗಂಡಸರಲ್ಲಿ ನೀನು ಎಂದು ಅವಳು ಕರೆಯುವುದು ಒಬ್ಬನನ್ನೇ, ತಮ್ಮನನ್ನು. ಸಿಕ್ಕಿಬಿದ್ದರು. ಅಷ್ಟು ದಿನ ಮುಷ್ಟಿಯಲ್ಲಿ ಹಿಡಿದಿಟ್ಟುಕೊಂಡ ಸಂಶಯ ನಿಜವಾಗುವಾಗಿನ ಸಮಾಧಾನ ಅವನ ಮೈಯೆಲ್ಲ ಹರಡಿತು. ಅದು ಹೆಚ್ಚುಕಡಿಮೆ ಸುಖದಂತೆಯೇ ಇತ್ತು. ಅವನು ಇನ್ನೊಂದು ಹೆಜ್ಜೆ ಇಟ್ಟ, ಬಾಗಿಲಿಗೆ ತೀರ ಹತ್ತಿರ. ಚಿಕ್ಕವನಿದ್ದಾಗ ಹೀಗೆಯೇ ಚಿಕ್ಕಪ್ಪನ ಕೋಣೆಯ ಹೊರಗೆ ನಿಂತು, ಈ ಹುಡುಗ ಯಾವುದಕ್ಕೂ ಆಗುವವನಲ್ಲ ಎಂದು ಅವರು ಹೇಳುವುದನ್ನು ಕೇಳಿಸಿಕೊಂಡಿದ್ದ; ಕೊನೆಗೆ ಬಾಗಿಲು ತೆರೆದು ಕಿವಿ ಹಿಂಡಿದಾಗ ನೋವಾದದ್ದು ಕಿವಿಗಲ್ಲ. ಒಳಗಿನ ಸದ್ದು ನಿಂತಿತು.

"ಯಾರದು?" ಎಂದಳು ಅವಳು.

ಅವನು ಬಾಗಿಲಿಗೆ ಇನ್ನಷ್ಟು ಕಿವಿಯೊಡ್ಡಿದ.

"ನೀವೇನಾ?"

ಹೌದು ಎಂದರೆ ಇಬ್ಬರೂ ಹುಷಾರಾಗಿಬಿಡುತ್ತಾರೆ, ಮಾತು ಬದಲಿಸುತ್ತಾರೆ. ಅವಳು ಕೇಳುತ್ತಿರುವುದೇ ಅದಕ್ಕೆ. ಅವನು ನಿಂತ. ಬಾಗಿಲಿನ ಮೇಲೆ ಬಡಿತ ಕೇಳಿತು, ಮೊದಲು ಬೆರಳಿನದು, ಆಮೇಲೆ ಅಂಗೈಯದು. ಅವಳು ಕೆಮ್ಮಿದಳು. ಅದೂ ನಾಟಕವಿರಬಹುದು. ಮತ್ತೆ ಕೆಮ್ಮಿದಳು. ಬಾಗಿಲಿನ ಕೆಳಭಾಗದಲ್ಲಿ ಗಾಳಿಗೆಂದು ಕೊರೆದ ಮೂರು ಸಣ್ಣ ಸೀಳುಗಳಿದ್ದವು. ಅವುಗಳ ಹಿಂದೆ ಏನೋ ಸರಿದಾಡಿತು. ಎಷ್ಟು ಹೊತ್ತು ನಿಂತನೋ ಅವನಿಗೆ ಆಮೇಲೆ ಎಂದೂ ಲೆಕ್ಕ ಸಿಗಲಿಲ್ಲ. ಕೆಲವು ದಿನ ಅದು ಎರಡು ಉಸಿರಿನಷ್ಟು ಎನ್ನಿಸುತ್ತಿತ್ತು, ಕೆಲವು ದಿನ ಒಂದು ಇಡೀ ಬೆಳಗು.

"ಭಾವ!" ಹೊರಗೆ, ಕಟ್ಟೆಯ ಕಡೆಯಿಂದ, ಭಾವಮೈದನ ದನಿ. "ಭಾವ, ಅಕ್ಕನ್ನ ಕಂಡ್ರಾ? ತಿಂಡಿಗೆ ಬರ್ತೀನಿ ಅಂದೋಳು ಬರ್ಲೇ ಇಲ್ಲ. ಎಲ್ಲಾ ತಣ್ಣಗಾಯ್ತು."

ತಮ್ಮ ಹೊರಗಿದ್ದಾನೆ. ಹಾಗಾದರೆ ಒಳಗೆ ಯಾರು? ಒಳಗೆ ಅವಳು, ಬಾಗಿಲು, ವಾರ್ನಿಷ್. ಒದ್ದೆ ಬಣ್ಣದ ಮೇಲೆ ಮರದ ಪುಡಿ ಕೂರಬಾರದೆಂದು ಅವಳು ಯಾವಾಗಲೂ ಬಾಗಿಲು ಮುಚ್ಚಿಕೊಂಡೇ ಹಚ್ಚುತ್ತಿದ್ದಳು. ಅದು ಕೂಡ ಅವನಿಗೆ ಗೊತ್ತಿದ್ದದ್ದೇ. ಮುಂಗೋಣೆಗೆ ಕಿಟಕಿಯೆಂದರೆ ಅಂಗೈಯಗಲದ ಗಾಜು, ತೆರೆಯುವಂಥದ್ದಲ್ಲ. ಅವನು ಹಿಡಿಕೆ ಹಿಡಿದು ಎಳೆದ. ಬಾಗಿಲು ಅಲುಗಲಿಲ್ಲ. ಕಾಲು ಕೊಟ್ಟು ಎಳೆದ. ಹಿಡಿಕೆ ಕೈಗೇ ಕಿತ್ತು ಬಂತು.

ಭಾವಮೈದ ಮೆಟ್ಟಿಲಲ್ಲಿ ಬಗ್ಗಿ ನೋಡಿದ. ಬಾಗಿಲ ಚೌಕಟ್ಟನ್ನು ನೋಡಿದ. ಅದರ ಮೇಲಿನ ಮೂಲೆ ಬಾಗಿಲನ್ನು ಹಲ್ಲಿನಿಂದ ಕಚ್ಚಿಕೊಂಡಂತೆ ಹಿಡಿದಿತ್ತು. ಕಂಬದ ಬುಡವನ್ನು ನೋಡಿದ. ಅವನ ಮುಖದಿಂದ ನಗೆಯ ಗುರುತುಗಳು ಒಂದೊಂದಾಗಿ ಅಳಿದವು. ಎರಡೂ ಮಗ್ಗುಲಿನ ತಂತಿಗಳು ದೋಣಿಯ ಅಂಚುಗಳನ್ನು ಮೇಲಕ್ಕೆಳೆಯುತ್ತಿದ್ದವು, ಕಂಬ ನಡುವನ್ನು ಕೆಳಕ್ಕೆ ಒತ್ತುತ್ತಿತ್ತು. ಹೊಸ ದೋಣಿಯ ಒಡಲು ಹಿಂಡಿದ ಹಣ್ಣಿನಂತೆ ಆಕಾರ ಕಳೆದುಕೊಂಡಿತ್ತು.

"ಎಷ್ಟು ತಿರುಗಿಸಿದ್ರಿ ಭಾವ?"

"ನೀನೆಷ್ಟು?"

"ನಾನು ಕಂಬ ನೆಟ್ಟಗೆ ಮಾಡೋಕೆ..."

"ನಾನೂ ಅದಕ್ಕೇ."

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಒಳಗಿನಿಂದ ಕೆಮ್ಮು ಕೇಳಿತು, ಈ ಸಲ ನೆಲದ ಹತ್ತಿರದಿಂದ.

"ಅಕ್ಕಾ! ಸೀಳಿನ ಹತ್ರ ಮುಖ ಇಟ್ಕೊಂಡು ಮಲ್ಕೋ! ಈಗ ತೆಗೀತೀವಿ!" ಎಂದು ಕೂಗಿ ಭಾವಮೈದ ಮೇಲಕ್ಕೆ ನೆಗೆದ. ಕೊಡಲಿ ತರಬೇಕೆಂದರೆ ಅಂಗಳದ ಆಚೆ ತುದಿಗೆ ಹೋಗಬೇಕು. ತಂತಿಗಳು ಕೈಗೆಟಕುವಲ್ಲೇ ಇದ್ದವು. ಆದರೆ ಇಷ್ಟು ಬಿಗಿದ ತಂತಿಗಳಲ್ಲಿ ಒಂದು ಕಡೆಯದನ್ನು ಮಾತ್ರ ಬಿಚ್ಚಿದರೆ ಕಂಬ ಇನ್ನೊಂದು ಕಡೆಗೆ ಬಿಲ್ಲಿನಂತೆ ಬಗ್ಗಿ ಮುರಿಯುತ್ತದೆ, ಮುರಿದರೆ ಅದರ ಬುಡ ಬೀಳುವುದು ಆ ಬಾಗಿಲಿನ ಮೇಲೆಯೇ. ಇಬ್ಬರೂ ಒಟ್ಟಿಗೆ ಬಿಚ್ಚಬೇಕು, ಸಮವಾಗಿ, ಒಬ್ಬರಿಗೊಬ್ಬರು ಕಾಣದೆ. ಕಂಬದವನು ಎಡಮಗ್ಗುಲಿಗೆ ಹೋಗಿ ಪಾನಾ ಇಟ್ಟ. ಮೊದಲು ಕೂಗಬೇಕಾದವನು ಅವನು, ಹಿರಿಯ. ನಾನು ಅರ್ಧ ಬಿಚ್ಚಿ ಅವನು ಬಿಚ್ಚದೇ ಇದ್ದರೆ? ಕಂಬ ಬಲಕ್ಕೆ ಹೋಗುತ್ತದೆ, ಮುರಿದದ್ದು ನನ್ನ ಕೈಯಿಂದ ಎಂದಾಗುತ್ತದೆ. ಹೆಂಡತಿ ಒಳಗೆ ನೆಲಕ್ಕೆ ಮುಖವಿಟ್ಟು ಮಲಗಿರುವಾಗಲೂ ಈ ಯೋಚನೆ ತನ್ನ ಪಾಡಿಗೆ ಬಂದು, ತನ್ನ ಜಾಗದಲ್ಲಿ ಕೂತಿತು. ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಆ ಹೇಸಿಗೆಯೂ ಯೋಚನೆಯನ್ನು ಎಬ್ಬಿಸಿ ಕಳಿಸಲಿಲ್ಲ.

"ಅರ್ಧ!" ಎಂದು ಕೂಗಿದ.

"ಅರ್ಧ!" ಮಾಡಿನ ಆಚೆಯಿಂದ.

ತಿರುಗಿಸಿದ. ಕೊಳವೆ ಮೊದಲು ಒಪ್ಪಲಿಲ್ಲ, ಆಮೇಲೆ ನರಳಿ ಒಪ್ಪಿತು. "ಅರ್ಧ!" "ಅರ್ಧ!" ಎಷ್ಟು ದಿನವಾಗಿತ್ತು ಈ ಕೂಗು ಕೇಳಿ. ಒಂದೊಂದು ಸಲವೂ ಆಚೆಯ ಮಾತಿಗೆ ಕಾಯುವ ಆ ಒಂದು ಕ್ಷಣದಲ್ಲಿ ಅವನ ಕಣ್ಣು ಕಂಬದ ತುದಿಯ ಮೇಲಿರುತ್ತಿತ್ತು, ಭಾವಮೈದ ಸುಳ್ಳು ಹೇಳಿದನೋ ಎಂದು. ಆದರೆ ತುದಿ ಕದಲುತ್ತಿರಲಿಲ್ಲ. ಸುಳ್ಳು ಹೇಳಿರಲಿಲ್ಲ. ಬಹುಶಃ ಯಾವತ್ತೂ ಹೇಳಿರಲಿಲ್ಲ. "ಅರ್ಧ!" "ಅರ್ಧ ಭಾವ!" ದೋಣಿಯ ಒಡಲಿನ ಹಲಗೆಗಳು ಒಂದಾದ ಮೇಲೊಂದು ನಿಟ್ಟುಸಿರು ಬಿಟ್ಟವು. ಕೆಳಗೆ, ಯಾರೂ ಮುಟ್ಟದೆ, ಬಾಗಿಲು ತಾನಾಗಿಯೇ ಎರಡು ಬೆರಳಿನಷ್ಟು ತೆರೆದುಕೊಂಡಿತು.

ಅವಳನ್ನು ಇಬ್ಬರೂ ಹಿಡಿದು ಮೇಲಕ್ಕೆ ತಂದು ಗಾಳಿಗೆ ಕೂರಿಸಿದರು. ಕುಂಚ ಇನ್ನೂ ಅವಳ ಮುಷ್ಟಿಯಲ್ಲಿತ್ತು; ಕೆನ್ನೆಯ ಮೇಲೆ ನೆಲದ ಹಲಗೆಯ ಗೆರೆಗಳು ಮೂಡಿದ್ದವು. ಬಹಳ ಹೊತ್ತು ಬರೀ ಉಸಿರಾಡಿದಳು. ಭಾವಮೈದ ನೀರು ತರಲು ಓಡಿದ.

"ಬಾಗಿಲಿಗೆ ಬೈತಾ ಇದ್ದೆ," ಎಂದಳು ಕೊನೆಗೆ. "ಮೊಂಡು ಬಾಗಿಲು ಅಂತ." ಆಮೇಲೆ, "ನೀವು ಯಾವಾಗ ಬಂದ್ರಿ?"

"ಈಗ. ಅವನ ಜೊತೆ."

ಅವಳು ತಲೆಯಾಡಿಸಿದಳು. ಅವಳ ನೋಟ ಅವನ ಮುಖದಿಂದ ಇಳಿದು, ಅಂಗಿಯ ಗುಂಡಿಗಳ ಮೇಲಿಂದ ಇಳಿದು, ಅವನ ಬಲಗಾಲಿನ ಹಳದಿ ದಾರದ ಮೇಲೆ ನಿಂತಿತು. ಬಾಗಿಲಿನ ಸೀಳುಗಳು ಎಷ್ಟು ಎತ್ತರದಲ್ಲಿದ್ದವೆಂದು ಅವನಿಗೆ ಆಗ ನೆನಪಾಯಿತು. ಕಾಲನ್ನು ಹಿಂದಕ್ಕೆಳೆದುಕೊಳ್ಳಬೇಕೆನಿಸಿತು, ಎಳೆದುಕೊಂಡರೆ ಒಪ್ಪಿಕೊಂಡಂತೆ. ಹಾಗೆಯೇ ಇಟ್ಟುಕೊಂಡು ನಿಂತ. ಭಾವಮೈದ ನೀರು ತಂದ, ಅವಳು ಕುಡಿದಳು.

ಸಂಜೆಯ ಹೊತ್ತಿಗೆ ಇಬ್ಬರೂ ಕೂಗಿಕೊಂಡು ಕಂಬವನ್ನು ಹದಕ್ಕೆ ತಂದರು, ಪಿನ್ನುಗಳನ್ನು ಚುಚ್ಚಿ ಅವುಗಳ ತುದಿ ಬಗ್ಗಿಸಿದರು. ದೋಣಿ ಗಾಳಿಗೆ ಹೋಗಿ ಬಂತು. ಯಜಮಾನರು ಕಂಬ ನೆಟ್ಟಗಿದೆ ಎಂದರು. ಒಬ್ಬನೇ ಸಾಕು ಎಂದಿದ್ದನ್ನು ಮರೆತಿದ್ದರೋ, ಮರೆತಂತೆ ಇದ್ದರೋ, ಮತ್ತೆ ಎತ್ತಲಿಲ್ಲ. ಅವಳೂ ಆ ಬೆಳಗಿನ ಮಾತನ್ನು ಎತ್ತಲಿಲ್ಲ. ಅವನು ಹೇಳಲು ಎಷ್ಟೋ ಉತ್ತರಗಳನ್ನು ಕಟ್ಟಿಟ್ಟುಕೊಂಡ. ಗುರುತು ಹಿಡಿಯಲಿಲ್ಲ ಎನ್ನಬಹುದು, ವಾಸನೆಗೆ ತಲೆ ಸುತ್ತಿತು ಎನ್ನಬಹುದು. ಪ್ರಶ್ನೆ ಬರಲಿಲ್ಲ. ಅಂದಿನಿಂದ ಅವನು ಕೆಲಸ ಬಿಟ್ಟು ಮನೆಗೆ ಬರುವಾಗ, ಮೆಟ್ಟಿಲ ಬುಡದಿಂದಲೇ, ಅವಳು ಕೇಳುವ ಮೊದಲೇ, "ನಾನು, ನಾನೇ" ಎಂದು ಕೂಗುವುದನ್ನು ರೂಢಿ ಮಾಡಿಕೊಂಡ. ಒಳಗಿನಿಂದ "ಹೂಂ" ಎಂದು ಬರುತ್ತಿತ್ತು. ಅದು ಬರುವ ಮುಂಚೆ ಒಂದು ಚೂರು ತಡವಾಗುತ್ತಿತ್ತು. ಮೊದಲೂ ಅಷ್ಟೇ ತಡವಾಗುತ್ತಿತ್ತೋ, ಈಗ ಹೆಚ್ಚಾಗಿದೆಯೋ ಎಂದು ಅವನು ಕೈಯಲ್ಲಿ ಚೀಲ ಹಿಡಿದು ಬಾಗಿಲ ಹೊರಗೆ ನಿಂತು ಯೋಚಿಸುತ್ತಿದ್ದ.

ಇಷ್ಟು ಹೇಳಿ ಸೂಜಿಯಜ್ಜಿ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿದಳು.

"ಅವಳು ಶೂ ನೋಡಿದ್ದು ನಿನಗೆ ಹೇಗೆ ಗೊತ್ತಜ್ಜಿ?" ಎಂದು ಬಣ್ಣದ ಕೆಲಸದವನೊಬ್ಬ ಕೇಳಿದ. "ಅವಳೇ ಹೇಳಿದ್ಲಾ?"

"ಅವಳ್ಯಾಕೆ ಹೇಳ್ತಾಳೆ? ಮಾರನೇ ದಿನ ಇಲ್ಲೇ ಬಂದು, ಅಲ್ಲಿ ನೀನು ಕೂತಿದ್ದೀಯಲ್ಲ, ಅಲ್ಲೇ ಕೂತ್ಲು. ಅಜ್ಜಿ, ಈ ಹಳದಿ ದಾರ ಅಂಗಳದಲ್ಲಿ ಇನ್ಯಾರಿಗಾದ್ರೂ ಕೊಟ್ಟಿದ್ದೀಯಾ ಅಂದ್ಲು."

"ಕೊಟ್ಟಿದ್ಯಾ?"

"ಇಲ್ಲ."

"ಮತ್ತೆ ಏನಂದೆ?"

ಅಜ್ಜಿ ಸೂಜಿಯನ್ನು ಮೇಣದುಂಡೆಗೆ ಚುಚ್ಚಿಟ್ಟು, ಮಡಿಲಿನ ಹಾಯಿಯನ್ನು ಕೊಡವಿದಳು. "ಹೂಂ, ಸುಮಾರು ಜನಕ್ಕೆ ಕೊಟ್ಟಿದ್ದೀನಿ ಅಂದೆ. ನನ್ನ ಮುಖಾನೇ ನೋಡ್ತಾ ಕೂತಿದ್ಲು. ಆಮೇಲೆ ಎದ್ದು ಹೋದ್ಲು. ಏಳಿ, ಹೊತ್ತಾಯ್ತು, ನನಗೆ ಬಾಗಿಲು ಹಾಕ್ಬೇಕು."

ಜನ ಎದ್ದರು. ಹೊಸಿಲಾಚೆ ಪಾದರಕ್ಷೆಗಳು ಒಂದರ ಮೇಲೊಂದು ಬಿದ್ದಿದ್ದವು. ಯಾವಾಗಲೂ ಅಲ್ಲಿ ನೂಕಾಟ, ನಗೆಚಾಟಿಕೆ ಇರುತ್ತಿತ್ತು. ಆ ಸಂಜೆ ಗಂಡಸರು ಒಬ್ಬೊಬ್ಬರಾಗಿ ಬಗ್ಗಿ ತಮ್ಮ ತಮ್ಮ ಜೋಡು ಹುಡುಕಿಕೊಂಡರು, ಹೆಂಗಸರು ನಿಂತು ನೋಡುತ್ತಿದ್ದರು. ಆಮೇಲೆ ಇಬ್ಬಿಬ್ಬರಾಗಿ, ನಡುವೆ ಸ್ವಲ್ಪ ಅಂತರ ಬಿಟ್ಟು, ಮನೆಗಳ ಕಡೆ ಹೊರಟರು.